ಗೇಟಿನ ಹೊರಗೇ ನಿಂತವರು

ಎರಡು ವರ್ಷದ ಹಿಂದೆ, ದಸರಾ ಮುಗಿದ ವಾರ. ಅವತ್ತು ಬೆಳಿಗ್ಗೆ ನಮ್ಮ ಯಜಮಾನರು ಅಕ್ಕಿರೊಟ್ಟಿಗೆ ಕೆಂಪು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ಅವರು ಹಾಗೆ ಖಾರ ತಿಂದಿದ್ದು ಅದೇ ಕೊನೆ.

ತಿಂಡಿಯಾದ ಮೇಲೆ ನನ್ನನ್ನು ಸ್ಕೂಟರಿನಲ್ಲಿ ಮೂಡಲಪಾಳ್ಯದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಕ್ಯಾನ್ಸರ್ ತಪಾಸಣೆ ಇದೆ, ಮನೆಯವರೆಲ್ಲ ಬನ್ನಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದರು. ಒಳಗೆ ಬೆಂಚಿನ ತುಂಬ ಹೆಂಗಸರು. ಕರೆತಂದ ಗಂಡಸರೆಲ್ಲ ಗೇಟಿನಾಚೆ ಗಾಡಿಗಳ ಮೇಲೆ. ಇವರೂ ಅಲ್ಲೇ ಉಳಿದರು.

ನನ್ನ ತಪಾಸಣೆ ಮುಗಿಸಿದ ಸಿಸ್ಟರ್, ಮನೆಯಲ್ಲಿ ಹೊಗೆಸೊಪ್ಪು ಹಾಕುವವರು ಇದ್ದಾರಾ ಎಂದು ಕೇಳಿದರು. ನಾನು ಹೊರಗೆ ಕೈ ತೋರಿಸಿದೆ. ಅವರು ಬಾಗಿಲಿಗೇ ಬಂದು, "ಸಾರ್, ನೀವೂ ಬನ್ನಿ. ಬಾಯಿ ನೋಡ್ಬೇಕು" ಎಂದರು.

"ನನಗೇನಾಗಿದೆ ಸಿಸ್ಟರ್? ಇವಳನ್ನ ಚೆನ್ನಾಗಿ ನೋಡಿ. ಇವಳಿಲ್ಲಾಂದ್ರೆ ನನಗೆ ಅನ್ನ ಹಾಕೋರಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಸ್ವಲ್ಪ ದಿನಕ್ಕೆ ಇವರು ಸಾರು ತಾಗಿದರೆ ಬಾಯಿ ಉರಿ ಎನ್ನತೊಡಗಿದರು. ಉಷ್ಣ ಆಗಿರಬೇಕೆಂದು ಎಳನೀರು, ಮಜ್ಜಿಗೆ ಕುಡಿದರು. ಹುಣ್ಣಿಗೆ ತುಪ್ಪ ಸವರಿಕೊಂಡರು. ಮೆಡಿಕಲ್ ಶಾಪಿನ ಮಾತ್ರೆಯೂ ಆಯಿತು. ಶಿವರಾತ್ರಿಯ ಹೊತ್ತಿಗೆ ತುತ್ತು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಮೊದಲು ಬಿಳಿ ಮಚ್ಚೆ ಬಂದಿರಬೇಕು, ಆಗ ಯಾರೂ ನೋಡಲಿಲ್ಲವೇ ಎಂದು ಡಾಕ್ಟರು ಕೇಳಿದರು. ಆಪರೇಷನ್ನಿಗೆ ದಿನ ಗೊತ್ತುಮಾಡಿ ಕಳಿಸಿದರು.

ಆಪರೇಷನ್ನಿನ ಹಿಂದಿನ ಸಂಜೆ ಅವರೇ ಮಾತು ತೆಗೆದರು.

"ಅವತ್ತು ಒಳಗೆ ಬರಬಹುದಿತ್ತು ಕಣೇ. ಅಷ್ಟು ಹೆಂಗಸರ ಮುಂದೆ ಬಾಯಿ ತೆಕ್ಕೊಂಡು ಕೂರಕ್ಕೆ ನಾಚಿಕೆ ಆಯ್ತು."

"ಈಗ ಯಾಕ್ರೀ ಅದೆಲ್ಲ" ಎಂದು ನಾನು ಅವರ ಕೈ ಹಿಡಿದುಕೊಂಡೆ.

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ಈ ವರ್ಷವೂ ನಾನು ತಪಾಸಣೆಗೆ ಹೋಗಿದ್ದೆ. ಬೆಂಚಿನಲ್ಲಿ ಹೆಂಗಸರೇ. ಹೊರಗೆ ಗಾಡಿಯ ಮೇಲೆ ಮೊಬೈಲ್ ನೋಡುತ್ತಿದ್ದ ಒಬ್ಬರ ಬಳಿ ಹೋಗಿ, "ಅಣ್ಣ, ಒಂದ್ನಿಮಿಷ ಒಳಗೆ ಬಂದು ಬಾಯಿ ತೋರಿಸ್ಕೊಳ್ಳಿ. ನಮ್ಮ ಮನೆಯವರು ತೋರಿಸ್ಲಿಲ್ಲ" ಎಂದೆ. ಅವರು ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ ನನ್ನ ಹಿಂದೆ ಬಂದರು.

ನನಗೆ ಏನೂ ತೊಂದರೆ ಇಲ್ಲವೆಂದು ಸಿಸ್ಟರ್ ಹೇಳಿ ಕಳಿಸಿದರು. ಮನೆಗೆ ಬಂದು ಬೀಗ ತೆಗೆದೆ. ಸಿಸ್ಟರ್ ಹೇಳಿದ್ದನ್ನು ಹೇಳೋಣವೆಂದರೆ ನಮ್ಮ ಯಜಮಾನರಿಲ್ಲ.