ಊಟದ ಮೇಜಿನ ಐರ್ಲೆಂಡ್

ಕೆಳಗಿನ ಮಹಡಿಯ ಫೆಲ್ಸಿ ಆಂಟಿ ಈ ಕತೆಯನ್ನು ಯಾರಿಗೆ ಹೇಳಿದರೂ ಒಂದೇ ಥರ ಹೇಳುತ್ತಾರೆ: "ಕೋವಿಡ್ ಟೈಮಲ್ಲಿ ಈ ಹುಡುಗಿ ಲ್ಯಾಪ್‌ಟಾಪಲ್ಲಿ ಐರ್ಲೆಂಡ್ ತೋರಿಸಿ ತೋರಿಸಿಯೇ ಅಪ್ಪನನ್ನು ಎಬ್ಬಿಸಿದ್ದು ಮಾರಾಯ್ರೆ!" ಮಂಗಳೂರಿನವರ ಬಾಯಲ್ಲಿ ಹೊಗಳಿಕೆ ಕೇಳಲು ಚೆನ್ನ. ಆದರೆ ಕಾಲೇಜು ಪೂರ್ತಿ ಡಿಬೇಟ್ ಟೀಮಿನಲ್ಲಿ ಕಳೆದವಳು ನಾನು. ನನ್ನ ಪರವಾದ ಸುಳ್ಳನ್ನೂ ಖಂಡಿಸದೆ ಬಿಡಲಾರೆ. ಲ್ಯಾಪ್‌ಟಾಪು ಯಾರನ್ನೂ ಎಬ್ಬಿಸಲಿಲ್ಲ. ನಮ್ಮಪ್ಪ ಐರ್ಲೆಂಡನ್ನು ಸ್ವಂತ ಕಾಲಿನಲ್ಲಿ ಸುತ್ತಿದರು. ಸಾಕ್ಷಿ ಈ ಬೆಳಿಗ್ಗೆಯೇ ಸಿಕ್ಕಿತು. ಊಟದ ಮೇಜಿನ ಕುರ್ಚಿ ಒರೆಸುವಾಗ ಒಂದರ ಬೆನ್ನಿಗೆ ಹಳೆಯ ಕಾಗದದ ಟೇಪು ಇನ್ನೂ ಅಂಟಿಕೊಂಡಿತ್ತು. ಮೇಲೆ ನನ್ನದೇ ಅಕ್ಷರ: ಗಾಲ್ವೇ.

ಮೊದಲು ಪೀಠಿಕೆ. ಅಪ್ಪ ಮೈಸೂರಿನವರು, ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳನ್ನು ಯಾವ ಹಡಗಿಗೆ ಏರಿಸಬೇಕೆಂದು ಲೆಕ್ಕ ಹಾಕುವ ಕೆಲಸ. ಲೋಕದ ಸರಕನ್ನೆಲ್ಲ ಸಮುದ್ರ ದಾಟಿಸಿ ಸಂಜೆ ಸುಬಾಂಗ್ ಜಯಾದ ಫ್ಲ್ಯಾಟಿಗೆ ಬಂದು ಚಿತ್ರಾನ್ನ ತಿನ್ನುವ ಈ ಮನುಷ್ಯನಿಗೆ ಒಂದೇ ಒಂದು ಪ್ರವಾಸದ ಹುಚ್ಚು, ಐರ್ಲೆಂಡ್. ನಾನು ಸುಮ್ಮನಿರುತ್ತೇನೆಯೇ? "ಹಸಿರು ನೋಡೋಕೆ ಮಲೇಷ್ಯಾದಿಂದ ಅಷ್ಟು ದೂರ ಹೋಗ್ಬೇಕಾ? ಕಿಟಕಿ ತೆಗೀರಿ" ಎಂದೆ.

"ಹಸಿರಿಗಲ್ಲ ಲಾಯರಮ್ಮ. ಕಡಲ ಪಕ್ಕದ ದಾರೀಲೇ ಇಡೀ ದೇಶಕ್ಕೆ ಒಂದು ಪ್ರದಕ್ಷಿಣೆ ಬರಬಹುದು. ಹೊರಟ ಜಾಗಕ್ಕೇ ವಾಪಸ್. ನನ್ನ ಕಂಟೇನರ್‌ಗಳು ಹೋಗ್ತವೆ, ಒಂದಾದ್ರೂ ತಿರುಗಿ ಬಂದು ಹೇಗಿತ್ತು ಅಂತ ಹೇಳುತ್ತಾ?"

ಕಲ್ಲುಗೋಡೆಗಳ ನಡುವಿನ ಕಿರಿದಾದ ರಸ್ತೆ, ಹೊಲದ ಮಧ್ಯೆ ಯಾರೋ ಎಂದೋ ನಿಲ್ಲಿಸಿದ ಕಲ್ಲುಗಳ ವೃತ್ತ, ಮೇಲೊಂದು ಸಾಲು ಅವರ ಹಳೆಯ ಕೆಲ್ಟಿಕ್ ನುಡಿ, ಕೆಳಗೊಂದು ಸಾಲು ಇಂಗ್ಲಿಷ್ ಇರುವ ಊರ ಫಲಕಗಳು, ಇವೆಲ್ಲ ಅವರ ನೋಟ್‌ಬುಕ್ಕಿನಲ್ಲಿ ಬಂದರುಗಳ ಸರದಿಯ ಹಾಗೆ ಇಳಿದಿದ್ದವು. ಟಿಕೆಟ್ಟೂ ಆಯಿತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಟಿಕೆಟ್ ರದ್ದಾಯಿತು. ಮರುವರ್ಷ ಅಪ್ಪನಿಗೇ ಕೋವಿಡ್ ಬಂತು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಸೋಫಾದಿಂದ ಬಾಲ್ಕನಿಗೆ ಹೋಗುವಷ್ಟು ಉಸಿರೂ ಅವರಲ್ಲಿ ಉಳಿದಿರಲಿಲ್ಲ. ನಡೆಸಿ, ದಿನಾ ಸ್ವಲ್ಪ ಸ್ವಲ್ಪ, ಇಲ್ಲದಿದ್ದರೆ ಶ್ವಾಸಕೋಶ ಮೊದಲಿನಂತಾಗುವುದು ಕಷ್ಟ ಎಂದು ಫಿಸಿಯೋ ಫೋನಿನಲ್ಲಿ ಹೇಳಿದರು. ಅಪ್ಪ ಏಳಲೊಲ್ಲರು. ಮತ್ತೆ ಬಂದರಿಗೆ ಹೋಗುವ ಮಾತೆತ್ತಿದರೆ ಗೋಡೆ ಕಡೆ ತಿರುಗುತ್ತಿದ್ದರು. ಬೇರೇನೂ ತೋಚದೆ ಆರು ಕುರ್ಚಿಗೆ ಆರು ಊರಿನ ಹೆಸರು ಅಂಟಿಸಿದೆ: ಡಬ್ಲಿನ್, ಕಾರ್ಕ್, ಡಿಂಗಲ್, ಗಾಲ್ವೇ, ಸ್ಲೈಗೋ, ಬೆಲ್‌ಫಾಸ್ಟ್. ಮೇಜೇ ದೇಶ. ಯಾವ ಕುರ್ಚಿ ಮುಟ್ಟುತ್ತಾರೋ ಅಲ್ಲಿ ಕೂರಬಹುದು. ಆ ಊರಿನ ಬಗ್ಗೆ ನಾನೊಂದು ಸಂಗತಿ ಓದಬೇಕು.

ಅಪ್ಪನ ಬಲಗೈ ಡ್ರಿಪ್ಪಿನ ಸೂಜಿಯಿಂದ ಊದಿಕೊಂಡಿತ್ತು. ಎಡಗೈಯಿಂದ ಮೇಜು ಹಿಡಿದೇ ನಡೆಯಬೇಕು. ಹಾಗಾಗಿ ಡಬ್ಲಿನ್ನಿನಿಂದ ನೇರ ಬೆಲ್‌ಫಾಸ್ಟಿನ ಕಡೆ ಹೊರಡಿಸಿದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಅಯ್ಯೋ, ಮೊದಲೇ ಹುಷಾರಿಲ್ಲದವರಿಗೆ ಅಪ್ರದಕ್ಷಿಣೆ ಹಾಕಿಸ್ತಿದ್ದೀಯಲ್ಲೇ! ತಿರುಗ್ಸು ಆ ಕಡೆಗೆ!"

"ಅಮ್ಮ, ಮೇಜು ದೇವರಲ್ಲ. ಒಂದು. ಊದಿದ ಕೈ ಭಾರ ಹೊರಲ್ಲ. ಎರಡು. ಬಲಕ್ಕೆ ಸುತ್ತಿದ್ರೆ ಉಸಿರು ಜಾಸ್ತಿ ಬರುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಮೂರು."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಏದುಸಿರಿನಲ್ಲೇ, "ಅವಳದ್ದು ಸರಿ ಇದೆ ಬಿಡೆ" ಎಂದು ಬೆಲ್‌ಫಾಸ್ಟಿನ ಕಡೆ ಕಾಲು ಹಾಕಿದರು. ಗೆದ್ದೆ ಎಂದು ನಾನು ಹಿಗ್ಗಿದೆ. ಅಮ್ಮ ಮಾತ್ರ ಮುಖ ಊದಿಸಿಕೊಂಡೇ ಸುತ್ತಿಗೊಂದರಂತೆ ಕಡಲೆಕಾಳನ್ನು ಬಟ್ಟಲಿಗೆ ಹಾಕಲೆಂದು ಕಾದು ಕೂತಳು.

ಮೊದಲ ದಿನ ಒಂದೇ ಕುರ್ಚಿ. ಬಟ್ಟಲಿಗೆ ಕಾಳಿಲ್ಲ. ಮೂರನೆಯ ದಿನ ಸ್ಲೈಗೋ. ಐದನೆಯ ದಿನ ಗಾಲ್ವೇಗೆ ಏನು ಓದಲಿ ಎಂದು ಹುಡುಕುತ್ತಿದ್ದಾಗ ಸಿಕ್ಕಿತು: ಐರ್ಲೆಂಡಿನ ಹಳೆಯ ಪವಿತ್ರ ಬಾವಿಗಳನ್ನು ಅಲ್ಲಿನ ಜನ ಇಂದಿಗೂ ಸುತ್ತುತ್ತಾರೆ, ಸೂರ್ಯ ಸಾಗುವ ದಿಕ್ಕಿನಲ್ಲೇ, ಬಾವಿಯನ್ನು ಬಲಕ್ಕಿಟ್ಟುಕೊಂಡು. ಲೆಕ್ಕ ತಪ್ಪದಿರಲೆಂದು ಸುತ್ತಿಗೊಂದು ಬೆಣಚುಕಲ್ಲು ಬೇರೆ. ಅಮ್ಮನ ಕಡಲೆಕಾಳು! ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ನಾನು ಆ ಪುಟವನ್ನು ಮುಚ್ಚಿದೆ. ಎದುರಾಳಿಗೆ ಅನುಕೂಲವಾಗುವ ಪುರಾವೆಯನ್ನು ನಾವಾಗಿ ಒಪ್ಪಿಸಬಾರದೆಂದು ಡಿಬೇಟಿನಲ್ಲಿ ಕಲಿಸುತ್ತಾರೆ. ಅಪ್ಪನಿಗೆ ಗಾಲ್ವೇಯ ಮೀನು ಮಾರುಕಟ್ಟೆಯ ಬಗ್ಗೆ ಏನೋ ಓದಿ ಹೇಳಿದೆ.

ಹನ್ನೊಂದನೆಯ ದಿನ ಅಪ್ಪ ಎಲ್ಲೂ ಕೂರದೆ ಒಂದು ಪೂರ್ತಿ ಸುತ್ತು ಬಂದು ಡಬ್ಲಿನ್ ಮುಟ್ಟಿದರು. ಕೈಯ ಊತವೂ ಇಳಿದಿತ್ತು. ಅಮ್ಮ ಆ ಸುತ್ತಿನ ಕಾಳನ್ನು ಕಣ್ಣಿಗೊತ್ತಿಕೊಂಡು ಬಟ್ಟಲಿಗೆ ಹಾಕಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಬಾವಿಯ ವಿಷಯ ಹೇಳಿಬಿಟ್ಟೆ.

"ಹೌದಾ? ಅಲ್ಲೂ ನಮ್ಮ ಹಾಗೇನಾ?" ಎಂದು ಅಪ್ಪ ಕಣ್ಣರಳಿಸಿದರು.

"ನೋಡಿದ್ರಾ! ಬಿಳಿಯರು ಹೇಳಿದ ಮೇಲೆ ನಂಬಿದ್ಳು," ಎಂದಳು ಅಮ್ಮ.

ಅವತ್ತೇ ದಿಕ್ಕು ಬದಲಾಯಿತು. ಕಾರ್ಕ್, ಡಿಂಗಲ್, ಗಾಲ್ವೇ. ಬಟ್ಟಲು ತುಂಬಿದ ದಿನ ಅಮ್ಮ ಆ ಕಾಳುಗಳನ್ನೇ ನೆನೆಸಿ ಉಸಲಿ ಮಾಡಿದಳು. ಆಮೇಲೆ ಅಪ್ಪ ಬಂದರಿಗೂ ಹೋದರು, ಬ್ಯಾಗಿನಲ್ಲಿ ಆಕ್ಸಿಮೀಟರ್ ಇಟ್ಟುಕೊಂಡು. ನನ್ನ ಶೆಲ್ಫಿನಲ್ಲಿ ಡಿಬೇಟಿನ ಟ್ರೋಫಿಗಳು ಸಾಲಾಗಿ ನಿಂತಿವೆ. ಆದರೆ ನಾನು ಜಂಬ ಕೊಚ್ಚಿಕೊಳ್ಳುವುದು ಒಂದೇ ವಿಷಯಕ್ಕೆ: ಉಸಿರಿಲ್ಲದ ನನ್ನಪ್ಪ ಒಂದು ದೇಶ ಸುತ್ತಿ ಬಂದರು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಟೇಪು ಕಂಡ ಉತ್ಸಾಹದಲ್ಲಿ, ಈ ಸಲ ನಿಜವಾದ ಟಿಕೆಟ್ಟನ್ನೇ ನೋಡೋಣವೆಂದು ಅಪ್ಪನ ಹಳೆಯ ನೋಟ್‌ಬುಕ್ ತೆರೆದೆ. ಕೊನೆಯ ಪುಟದಲ್ಲಿ 'ಟಿಕೆಟ್ ಕ್ಯಾನ್ಸಲ್' ಎಂದಿದೆ. ಅದಕ್ಕೂ ನಾಲ್ಕು ಪುಟ ಹಿಂದೆ, ಗಾಲ್ವೇ ಪಕ್ಕದಲ್ಲಿ ಒಂದು ಪುಟ್ಟ ವೃತ್ತ, ಬಲಕ್ಕೆ ಸುತ್ತುವ ಬಾಣದ ಗುರುತು, ಅಪ್ಪನ ಮುದ್ದಾದ ಕೈಬರಹ: 'ಬಾವಿ ಸುತ್ತುತ್ತಾರೆ. ನಮ್ಮ ಹಾಗೇ. ಲಾಯರಮ್ಮನಿಗೆ ತೋರಿಸಬೇಕು.'

ಅಪ್ಪ ಈಗ ಕಾಫಿ ಲೋಟ ಹಿಡಿದು ಮೇಜು ಬಳಸಿ ಬರುತ್ತಿದ್ದಾರೆ. ಎಡಗಡೆಯಿಂದ ಬಂದರೆ ಎರಡೇ ಹೆಜ್ಜೆ, ಆದರೂ ಬಲಕ್ಕೇ. ಪುಟವನ್ನು ಅವರ ಮುಂದೆ ಹಿಡಿದೆ. ಓದಿದರು. ಗಾಲ್ವೇ ಕುರ್ಚಿ ಎಳೆದು ಕೂತು ಕಾಫಿ ಆರಿಸತೊಡಗಿದರು.

"ಅಪ್ಪ, ಗೆಲ್ಲೋ ಪಾಯಿಂಟ್ ನಿಮ್ಮ ಹತ್ರಾನೇ ಇತ್ತಲ್ಲ, ಹನ್ನೊಂದು ದಿನ ಸುಮ್ಮನೆ ನಾನು ಹೇಳಿದ ಕಡೆಗೇ ಯಾಕೆ ನಡೆದ್ರಿ?"