ಯಾರೂ ಬರಲಾಗದ ದ್ವೀಪದಲ್ಲಿ ಮದುವೆ

ಮಗಳ ಮದುವೆಯನ್ನು ಬಾರ್ಬಡೋಸ್‌ನಲ್ಲಿ ಮಾಡುವುದೆಂದು ನಿಶ್ಚಯವಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಕಾರಣ ಅಲ್ಲಿನ ಸಮುದ್ರವೂ ಅಲ್ಲ, ಬಿಳಿ ಮರಳೂ ಅಲ್ಲ. ಅಲ್ಲಿಗೆ ಯಾರೂ ಬರಲಾರರು ಎಂಬುದೇ ಕಾರಣ.

ಮಂಗಳೂರಿನಲ್ಲಿ ಮಾಡಿದರೆ ನಮ್ಮನ್ನು ಕರೆದವರನ್ನೆಲ್ಲ ನಾವೂ ಕರೆಯಬೇಕು. ನಾವಿರುವ ಅಬುಧಾಬಿಯಲ್ಲಿ ಮಾಡಿದರೆ ಇಗರ್ಜಿಯವರು, ಗಂಡನ ಆಫೀಸಿನವರು, ಮೇಲೆ ದುಬೈಯಿಂದ ಬಸ್ಸು ಮಾಡಿಕೊಂಡು ಬರುವ ಊರಿನವರು. ಒಬ್ಬರನ್ನು ಬಿಟ್ಟರೂ ಮುಂದಿನ ಕ್ರಿಸ್‌ಮಸ್‌ವರೆಗೆ ಮುಖ ಊದಿಸಿಕೊಂಡಿರುತ್ತಾರೆ. ನನ್ನ ಮದುವೆಯಲ್ಲಿ ಗುರುತೇ ಇಲ್ಲದವರ ಕೈ ಕುಲುಕಿ ಕುಲುಕಿ, ಬಳೆ ಒತ್ತಿ ಮಣಿಕಟ್ಟು ಬಾತುಕೊಂಡಿತ್ತು. ನಾನು ಊಟಕ್ಕೆ ಕೂರುವ ಹೊತ್ತಿಗೆ ಹಂದಿಮಾಂಸದ ಪಾತ್ರೆ ಖಾಲಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಮಗಳು "ಸ್ಮಾಲ್ ವೆಡ್ಡಿಂಗ್ ಮಮ್ಮಾ, ಜಸ್ಟ್ ಫ್ಯಾಮಿಲಿ" ಎಂದಾಗ ಭೂಪಟ ಹರಡಿಕೊಂಡು ದೂರದ ಜಾಗ ಹುಡುಕಲು ಮೊದಲು ಕುಳಿತವಳೂ ನಾನೇ.

ಹುಡುಗ ಕೆನಡಾದಲ್ಲಿ ಹುಟ್ಟಿ ಬೆಳೆದವನು, ಗೋವಾ ಮೂಲದ ಮನೆ. ಅವರಿಗೆ ಅಲ್ಲಿಂದ ಬಾರ್ಬಡೋಸ್‌ಗೆ ನೇರ ವಿಮಾನವಿತ್ತು. ನನ್ನ ಗಂಡನಿಗೆ ಅದು ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿದ ಹೆಸರು, ನಮ್ಮ ಬ್ಯಾಟ್ಸ್‌ಮನ್‌ಗಳು ಪೆಟ್ಟು ತಿಂದ ಊರು. ಅವರು ಫೋನಿನಲ್ಲಿ ಹುಡುಕಿ, "ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಬೇಡ ಅಂತೆ ಮಾರಾಯ್ತಿ!" ಎಂದು ಕುರ್ಚಿಯಿಂದ ಎದ್ದೇ ನಿಂತರು. ನಮ್ಮ ಮನೆಮಾತು ಕೊಂಕಣಿ. ಆದರೆ ಖುಷಿ ಜಾಸ್ತಿಯಾದಾಗ ಅವರ ಬಾಯಿಗೆ ಬರುವುದು ಮಂಗಳೂರು ಕನ್ನಡವೇ. ಗಲ್ಫಿನಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಶುಭಶಕುನ ಬೇರೆ ಇಲ್ಲ. ಮನೆ, ಕೆಲಸ, ಮಗುವಿನ ಶಾಲೆ, ನಮ್ಮ ಎಲ್ಲವೂ ವೀಸಾ ಎಂಬ ಗೂಟಕ್ಕೆ ಕಟ್ಟಿದ್ದು. ಬೇಡ ಎಂಬ ಒಂದು ಮಾತು ಕಂಡ ಮೇಲೆ ಅದರ ಕೆಳಗೆ ಏನಿದೆಯೆಂದು ಯಾರೂ ಓದಲಿಲ್ಲ.

ಆಮೇಲೆ ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ಕರೆದೆ. "ಖಂಡಿತ ಬರ್ಬೇಕು ಆಯ್ತಾ? ಬಾರದಿದ್ರೆ ನಂಗೆ ತುಂಬ ಬೇಜಾರ್." ಮಂಗಳೂರಿನಲ್ಲಿರುವ ನಾದಿನಿ, "ಅದು ಎಲ್ಲಿ ಬರ್ತದೆ, ಶಾರ್ಜಾದ ಹತ್ರವಾ?" ಎಂದು ಕೇಳಿದಳು. ಅಲ್ಲಿಂದ ಸ್ವಲ್ಪ ಮುಂದೆ ಎಂದೆ. ಕರೆದ ಹಾಗೂ ಆಯಿತು, ಅವರು ಬಾರದ ಹಾಗೂ ಆಯಿತು. ಇಷ್ಟು ನಿರಾಳವಾಗಿ ಯಾವ ತಾಯಿಯೂ ಮಗಳ ಮದುವೆಗೆ ಜನರನ್ನು ಕರೆದಿರಲಾರಳು.

ಟಿಕೆಟ್ ಮಾಡಿಸಲು ಹೋದಾಗ ಟ್ರಾವೆಲ್ಸ್‌ನ ಹೆಂಗಸು ನನ್ನ ಪಾಸ್‌ಪೋರ್ಟ್ ಮಗುಚಿ ನೋಡಿ, "ಮ್ಯಾಡಂ, ಟ್ರಾನ್ಸಿಟ್ ವೀಸಾ?" ಎಂದರು. ಇಲ್ಲಿಂದ ಆ ದ್ವೀಪಕ್ಕೆ ನೇರ ವಿಮಾನವಿಲ್ಲ, ನಡುವೆ ಯುರೋಪಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಹಾಗೆ ಇಳಿದು ನಿಲ್ದಾಣದ ಒಳಗೇ ಕುರ್ಚಿಯಲ್ಲಿ ಕೂರುವುದಕ್ಕೂ ನಮ್ಮ ಪಾಸ್‌ಪೋರ್ಟಿನವರಿಗೆ ಅನುಮತಿ ಬೇಕಂತೆ. ಮಗಳು ಕೆನಡಾದಲ್ಲಿ ಓದಿದವಳು, ಆ ವೀಸಾ ಅವಳಿಗೆ ಇನ್ನೂ ಇತ್ತು. ಗಂಡನಿಗೆ ಆಫೀಸಿನ ಕೆಲಸಕ್ಕೆಂದು ಮಾಡಿಸಿದ ಅಮೆರಿಕದ ವೀಸಾ ಇತ್ತು. ಅಂಥವರಿಗೆ ವಿನಾಯಿತಿ. ನನ್ನ ಪಾಸ್‌ಪೋರ್ಟಿನಲ್ಲಿದ್ದದ್ದು ಮಂಗಳೂರಿಗೆ ಹೋಗಿಬಂದ ಮುದ್ರೆಗಳು ಮಾತ್ರ. ಯಾರೂ ಬರಲಾಗದ ಜಾಗ ಹುಡುಕುತ್ತ ನನ್ನನ್ನೇ ಹೊರಗೆ ಹಾಕಿಕೊಂಡಿದ್ದೆ.

ಅರ್ಜಿ ಹಾಕಿದೆವು. ಪಾಸ್‌ಪೋರ್ಟ್ ವೀಸಾ ಕೇಂದ್ರದ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಕೇಳಿದಾಗಲೆಲ್ಲ "ಪ್ರೋಸೆಸಿಂಗ್" ಎಂಬ ಒಂದೇ ಉತ್ತರ. ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಅರ್ಜಿ ಖಲಾಸ್, ಅಲ್ಲೇ ಬಿಟ್ಟರೆ ಊರಿಗೂ ಹೋಗುವಂತಿಲ್ಲ. ಹೊರಗೆ ಜೂನ್ ತಿಂಗಳ ಬಿಸಿಲು. ಅಲ್ ರೀಮ್ ಐಲ್ಯಾಂಡಿನ ನಮ್ಮ ಫ್ಲ್ಯಾಟಿನ ಕಿಟಕಿಗಳನ್ನು ತೆರೆಯಲು ಬರುವುದಿಲ್ಲ, ಗಾಜಿಗೆ ಹಣೆ ಹಚ್ಚಿ ಕೆಳಗಿನ ನೀಲಿ ನೀರನ್ನು ನೋಡಬಹುದು ಅಷ್ಟೇ. ಬೆಳಿಗ್ಗೆ ಮಾಲ್‌ನಲ್ಲಿ ಅಂಗಡಿಗಳು ತೆರೆಯುವ ಮೊದಲು ಸುತ್ತು ಹಾಕುವುದು, ಮನೆಗೆ ಬಂದು ಎಸಿಯ ಕೆಳಗೆ ಕುಳಿತು ಫೋನ್ ನೋಡುವುದು, ಮತ್ತೆ ನೋಡುವುದು. ಗಂಡ "ಬರ್ತದೆ, ಬರ್ತದೆ" ಎನ್ನುತ್ತಲೇ ಇದ್ದರು. ಒಂದು ಮಧ್ಯಾಹ್ನ ತಟ್ಟೆ ಕುಕ್ಕಿ, "ನಿಮ್ಮ ಕ್ರಿಕೆಟ್ ಪಿಚ್ಚನ್ನು ನೀವೇ ಹೋಗಿ ನೋಡಿ ಬನ್ನಿ" ಎಂದೆ. ಪಾಪ, ಅವರು ಅನ್ನ ಬಿಟ್ಟು ಎದ್ದರು.

ಮದುವೆ ಹತ್ತಿರ ಬಂದಾಗ ಮಗಳು ನನ್ನ ಪಕ್ಕದಲ್ಲಿ ಬಂದು ಕುಳಿತಳು. "ಮಮ್ಮಾ, ಜಸ್ಟ್ ಸೇ ಇಟ್. ನೀವು ಹೇಳಿದ್ರೆ ವಿ ವಿಲ್ ಪೋಸ್ಟ್‌ಪೋನ್."

ಅಲ್ಲಿ ಹುಡುಗನ ಅಜ್ಜಿಯ ಸಮೇತ ಎಲ್ಲರೂ ಹೊರಟು ನಿಂತಿದ್ದರು. ದ್ವೀಪದ ಪಾದ್ರಿ ದಿನ ಕೊಟ್ಟಾಗಿತ್ತು. ಬೇಡ ಎಂದರೆ ನಾನು ಜೀವನವಿಡೀ ಮದುವೆ ನಿಲ್ಲಿಸಿದ ತಾಯಿ. ಹೋಗು ಎಂದರೆ ಮದುವೆಯಲ್ಲಿ ಇಲ್ಲದ ತಾಯಿ. "ಛೆ, ಯಾಕೆ ಪೋಸ್ಟ್‌ಪೋನ್? ನೀವು ಹೋಗಿ" ಎಂದೆ. ಅವಳು ಒಪ್ಪಲಿಕ್ಕಿಲ್ಲ, ಇನ್ನೊಮ್ಮೆ ಕೇಳುತ್ತಾಳೆ ಎಂದು ಕಾದೆ. ಅವಳು ನನ್ನನ್ನು ತಬ್ಬಿಕೊಂಡು "ಥ್ಯಾಂಕ್ಯೂ" ಎಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಬೆನ್ನು ತಟ್ಟುತ್ತ ಕುಳಿತೆ.

ಇನ್ನು ಉಳಿದದ್ದು ರೋಸ್. ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನಹಾಲು, ಎಣ್ಣೆ ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ. ಮೊದಲ ಕೈ ತಾಯಿಯದು. ಅದಾದ ಮೇಲೆ ಇಗರ್ಜಿಗೆ ಹೊರಡುವವರೆಗೆ ಹುಡುಗಿ ಹೊಸ್ತಿಲು ದಾಟಬಾರದು. ವಿಮಾನ ಹತ್ತುವ ದಿನವೇ ಇಲ್ಲಿ ಮಾಡಿಬಿಡಿ ಎಂದಳು ಮಗಳು.

"ಮಾಡಿದ್ರೆ ಮತ್ತೆ ನೀನು ಮನೆಯಿಂದ ಹೊರಗೆ ಹೋಗ್ಲಿಕ್ಕಿಲ್ಲ" ಎಂದೆ. ನನ್ನ ಕೈಯಲ್ಲಿ ಉಳಿದಿದ್ದ ಕಾಯಿದೆ ಅದೊಂದೇ.

"ದೆನ್ ಹೂ ವಿಲ್ ಡೂ ಇಟ್? ಅವನ ಮಮ್ಮಿಯಾ?"

ನನ್ನ ಕಾಯಿದೆ ಅಲ್ಲಿಗೆ ಮುಗಿಯಿತು. ಅವಳ ನೆತ್ತಿಗೆ ಇನ್ನೊಬ್ಬಳು ಮೊದಲು ಹಾಲು ಹಾಕುವುದನ್ನು ನಾನು ಸಹಿಸಲಾರೆ.

ದುಬೈಯ ದೇರಾದಲ್ಲಿ ಅಂಗಡಿ ನಡೆಸುವ ನನ್ನ ಬ್ಯಾರಿ ಗೆಳತಿ ಚೀಲ ತುಂಬ ತೆಂಗಿನಕಾಯಿ ಹೊತ್ತು ಬಂದಳು. "ಪ್ಯಾಕೆಟಿನ ಹಾಲೆಲ್ಲ ಬೇಡ ಮಾರಾಯ್ರೆ, ಪಾಯಸಕ್ಕೇ ಸರಿಯಾಗುದಿಲ್ಲ, ಇನ್ನು ಮದುಮಗಳ ತಲೆಗಾ?" ಎನ್ನುತ್ತ ತಾನೇ ತುರಿದು ಹಾಲು ಹಿಂಡಿಕೊಟ್ಟಳು. ಗಂಡ ಸೂಟ್‌ಕೇಸುಗಳನ್ನು ಬಾಗಿಲ ಬಳಿ ಸಾಲಾಗಿ ಇಡುತ್ತಿದ್ದರು. ಅವುಗಳ ನಡುವೆ ಜಾಗ ಮಾಡಿ, ಹಳೆಯ ಬೆಡ್‌ಶೀಟ್ ಹಾಸಿ, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದೆವು.

ಅವಳ ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತು ಹಾಕಿದೆ. ರೋಸ್ ಹಾಡು ಹೇಳಬೇಕಿತ್ತು. ನನಗೆ ಬರುವುದು ಮೊದಲ ಸಾಲು ಮಾತ್ರ, ಅದನ್ನೇ ಮತ್ತೆ ಮತ್ತೆ ಹೇಳಿದೆ. ಬೊಗಸೆಯಲ್ಲಿ ಹಾಲು ತೆಗೆದು ನೆತ್ತಿಗೆ ಸುರಿದು ಉಜ್ಜತೊಡಗಿದೆ. ಚಿಕ್ಕವಳಿದ್ದಾಗ ತಲೆಗೆ ನೀರು ಹಾಕಿದರೆ ಕಣ್ಣು ಹೇಗೆ ಮುಚ್ಚುತ್ತಿದ್ದಳೋ ಹಾಗೆಯೇ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಎರಡೂ ಕೈ ಅವಳ ತಲೆಯ ಮೇಲಿದ್ದಾಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಹೋಗಬೇಡ ಮಗಾ" ಎಂದೆ.

ಗೆಳತಿ ಖಾಲಿ ಚೀಲ ಎತ್ತಿಕೊಂಡು ಸದ್ದಿಲ್ಲದೆ ಅಡುಗೆಮನೆಗೆ ಹೋದಳು. ಮಗಳು ಕಣ್ಣು ತೆರೆಯಲಿಲ್ಲ. ಹಾಲು ಅವಳ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ನಂಗೆ ಗೊತ್ತಿತ್ತು ಮಮ್ಮಾ" ಎಂದಳು. ಮಾತಿನಲ್ಲಿ ಇಂಗ್ಲಿಷ್ ಇರಲಿಲ್ಲ. "ಆ ದಿವಸವೇ ಗೊತ್ತಿತ್ತು. ಅದಕ್ಕೇ ಇನ್ನೊಮ್ಮೆ ಕೇಳ್ಲಿಲ್ಲ."

ಆಮೇಲೆ ಕಿವಿಯ ಹಿಂದೆ ಉಳಿದಿದ್ದ ಕಡೆಗೂ ಹಾಲು ಹಚ್ಚಿದೆ, ಕುತ್ತಿಗೆಗೂ ಹಚ್ಚಿದೆ. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಸುಡುವ ನೀರೇ ಬರುತ್ತದೆ, ಹಾಗಾಗಿ ಅವಳ ಸ್ನಾನಕ್ಕೆಂದು ಬೆಳಿಗ್ಗೆಯೇ ಬಕೆಟ್ ತುಂಬಿಸಿ ಆರಲು ಇಟ್ಟಿದ್ದೆ. ಬಚ್ಚಲಿಗೆ ಹೋಗಿ ಕೈ ಅದ್ದಿ ನೋಡಿದೆ.

"ನೀರು ಆರಿದೆ, ಬೇಗ ಮಿಂದು ಬಾ" ಎಂದು ಕೂಗಿದೆ. "ಕ್ಯಾಬ್ ಬರುವ ಹೊತ್ತಾಯಿತು."