ಹಗೇವಿಗೆ ಬಿಟ್ಟ ಬ್ಯಾಟರಿ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಹಾಗಾಗಿ ಬಬಲೇಶ್ವರದಲ್ಲಿ ಅಕ್ಕನ ಮನೆಯಂಗಳದ ಹಗೇವಿನಿಂದ ಮೊದಲಿಂದಲೂ ದೂರ. ನೆಲದೊಳಗೆ ಆಳುದ್ದಕ್ಕೂ ಮೀರಿ ತೋಡಿದ ಜೋಳದ ಕಣಜ ಅದು. ಬಾಯಿ ಮಾತ್ರ ಒಬ್ಬ ಮನುಷ್ಯ ಮೈ ಹಿಂಡಿಕೊಂಡು ಇಳಿಯುವಷ್ಟೇ. ಜೋಳ ತುಂಬಿ, ಮೇಲೆ ಒಣದಂಟಿನ ಕಣಿಕೆ ಹಾಸಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಗಾಳಿಯಿಲ್ಲದೆ ಒಳಗಿನ ಹುಳವೂ ಸಾಯುತ್ತದೆ. ಮನುಷ್ಯ ಇಳಿದರೆ ಅವನ ಗತಿಯೂ ಅದೇ. ಅದಕ್ಕೇ ಹಗೇವು ತೆರೆದವರು ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯುವಂತಿಲ್ಲ.

ಈಗ ಹಗೇವು ಇಟ್ಟವರೇ ಕಡಿಮೆ. ತಿಕೋಟಾ ಕಡೆಯವರು ದ್ರಾಕ್ಷಿಗೆ ಬಿದ್ದರು. ಅಕ್ಕನ ಊರಿಗೆ ಕಾಲುವೆ ಬಂತು, ಮನೆಯ ಹಿತ್ತಲಿನವರೆಗೂ ಕಬ್ಬು ನಿಂತಿತು. ಆದರೆ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಚೀಲದ ಜೋಳದ ರೊಟ್ಟಿಗೆ ರುಚಿಯೇ ಇಲ್ಲ ಎನ್ನುವ ಜಾತಿ. ಹಟ ಹಿಡಿದು ಸುಗ್ಗಿಯ ಜೋಳವನ್ನೆಲ್ಲ ಹಗೇವಿಗೇ ಸುರಿಸಿದ್ದರು, ಅದು ಅರ್ಧವೂ ತುಂಬಿರಲಿಲ್ಲ.

ಅದನ್ನು ತೆಗೆಯುವ ದಿನ ನಾನು ಅಥಣಿ ರಸ್ತೆಯ ನಮ್ಮ ಮನೆಗೆ ಜೋಳ ಒಯ್ಯಲು ಹೋಗಿದ್ದೆ. ಅಕ್ಕ, ಮಾಮಾ, ಪಕ್ಕದ ಮನೆಯ ಚಾಚಾ, ನಾನು. ಬೆಳಿಗ್ಗೆಯೇ ಚಪ್ಪಡಿ ಸರಿಸಿದ್ದರು. ಒಳಗಿಂದ ಬೆಚ್ಚನೆಯ ಹುಳಿ ವಾಸನೆ ಬರುತ್ತಿತ್ತು. ಗಾಳಿ ಎಂಬುದು ಒಂದೆಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ.

"ಒಳಗಿನ ಗ್ವಾಡಿ ಬೆವತೈತಿ ನೋಡ್ರಿ," ಎಂದರು ಚಾಚಾ.

"ಕಾಲವಿ ನೀರ ಬಂದಾಗಿಂದ ಇಡೀ ಊರ ನೆಲಾನೇ ಹಂಗ ಆಗೈತಿ," ಎಂದರು ಮಾಮಾ.

"ಇರ್ಲಿ, ಮೊದಲ ದೀಪಾ ಬಿಟ್ಟ ನೋಡ್ರಿ," ಎಂದರು ಚಾಚಾ.

ಕಂದೀಲಿಗೆ ಸೀಮೆಎಣ್ಣೆ ಎಲ್ಲಿಂದ ತರುವುದು? ಮಾಮಾ ಒಳಗೆ ಹೋಗಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ದೀಪ ತಂದು, ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಬಿಟ್ಟರು. ಬೆಳಕು ಕೆಳಗಿನ ಜೋಳದವರೆಗೂ ಇಳಿಯಿತು. ನಾಲ್ವರೂ ಬಗ್ಗಿ ನೋಡಿದೆವು.

"ಹೆಂಗ ಉರಿಯಾಕತ್ತೈತಿ ನೋಡ್ರಿ!" ಎಂದು ಮಾಮಾ ನಕ್ಕರು. ನನಗೂ ಜೀವ ಹಗುರಾಯಿತು. ದೀಪ ಬಿಡುವ ಶಾಸ್ತ್ರ ಮುಗಿದಿತ್ತಲ್ಲ, ಇನ್ನೇನು ಭಯ? ಚಾಚಾ ಮಾಮಾನ ಸೊಂಟಕ್ಕೆ ಇನ್ನೊಂದು ಹಗ್ಗ ಬಿಗಿದರು. ಮಾಮಾ ಇಳಿದರು.

"ಜ್ವಾಳ ಬಿಸಿ ಆಗೈತಲೇ..." ಎಂಬ ಮಾತು ಕೇಳಿತು. ಆಮೇಲೆ ಏನೂ ಇಲ್ಲ.

"ಏನಂದ್ರಿ?" ಅಕ್ಕ ಕೂಗಿದಳು. ಬ್ಯಾಟರಿಯ ಬೆಳಕಿನಲ್ಲಿ ಮಾಮಾ ಜೋಳದ ಮೇಲೆ ಕೂತದ್ದು ಕಂಡಿತು. ದಣಿದವರು ಕಟ್ಟೆಗೆ ಕೂತಂತೆ ಕೂತು, ಗೋಡೆಗೆ ಒರಗಿ, ಮೆಲ್ಲಗೆ ವಾಲಿದರು. ಅಷ್ಟರಲ್ಲಿ ಅಕ್ಕ ಹಗೇವಿನೊಳಗೆ ಒಂದು ಕಾಲು ಇಳಿಬಿಟ್ಟಿದ್ದಳು. ನಾನು ಅವಳ ಸೊಂಟ ತಬ್ಬಿ ಹಿಂದಕ್ಕೆ ಬಿದ್ದೆ.

"ಬಿಡ ಬೇ! ಅವರು ಸಾಯಾಕತ್ತಾರ!"

"ನೀ ಇಳದ್ರ ನೀನೂ ಹೊಕ್ಕಿ! ಹಗ್ಗಾ ಹಿಡೀರಿ ಇಬ್ರೂ!" ಚಾಚಾ ಚೀರಿದರು.

ಮೂವರೂ ಎಳೆದೆವು. ಬಾಯಿಯ ಹತ್ತಿರ ಅವರ ಭುಜ ಸಿಕ್ಕಿಕೊಂಡಿತು. ಚಾಚಾ ಕಂಕುಳಿಗೆ ಕೈಹಾಕಿ ಜಗ್ಗಿದರು, ಚರ್ಮ ತರಚಿ ಬಂತು. ಬೇವಿನ ಕೆಳಗೆ ಮಲಗಿಸಿದಾಗ ಮಾಮಾನ ಮುಖ ನೀಲಿಗಟ್ಟಿತ್ತು. ಅಕ್ಕ ಕೆನ್ನೆಗೆ ಬಡಿಯುತ್ತಲೇ ಇದ್ದಳು. ಹೋದರು ಎಂದೇ ನಾನು ತಿಳಿದೆ. ಆಮೇಲೆ ಒಂದು ಕೆಮ್ಮು ಬಂತು. ಅಷ್ಟು ಕೆಟ್ಟ ಸದ್ದಿಗೆ ನಾನು ಅಷ್ಟು ಖುಷಿಯಿಂದ ಅತ್ತದ್ದು ಅದೊಂದೇ ಸಲ.

ವಿಜಯಪುರದ ದವಾಖಾನೆಗೆ ಒಯ್ಯಲು ಗಾಡಿ ಬರಬೇಕಿತ್ತು. ಅಷ್ಟರಲ್ಲಿ ಚಾಚಾ ಅಡುಗೆ ಎಣ್ಣೆಯಲ್ಲಿ ಅದ್ದಿದ ಅರಿವೆಗೆ ಬೆಂಕಿ ಹಚ್ಚಿ, ತಂತಿಗೆ ಸಿಕ್ಕಿಸಿ ಹಗೇವಿಗೆ ಇಳಿಸಿದರು. ಮೊಳದಷ್ಟು ಇಳಿಯುವುದರೊಳಗೆ ಅದು ನಂದಿತು. ಕೆಳಗೆ ಬ್ಯಾಟರಿ ಮಾತ್ರ ಝಗಝಗ ಉರಿಯುತ್ತಲೇ ಇತ್ತು.

ಬಿತ್ತಿದರೆ ಮೊಳೆಯುವ ಕಾಳು ಸತ್ತ ವಸ್ತುವಲ್ಲ, ಅದಕ್ಕೂ ಉಸಿರಿದೆ. ಒಣನೆಲದಲ್ಲಿ ಅದು ನಿದ್ದೆ ಹೋದಂತೆ ಇರುತ್ತಿತ್ತು. ಕಾಲುವೆಯ ತೇವ ಗೋಡೆ ದಾಟಿ ಬಂದಾಗ ಜೋಳ ಎಚ್ಚತ್ತಿತು, ಬೂಷ್ಟು ಹುಟ್ಟಿತು, ಎರಡೂ ಸೇರಿ ಇದ್ದ ಗಾಳಿಯನ್ನೆಲ್ಲ ಉಂಡು ಮುಗಿಸಿದವು. ನಾವು ತಿನ್ನಬೇಕೆಂದಿದ್ದದ್ದು ಕತ್ತಲಲ್ಲಿ ಕೂತು ನಮ್ಮ ಪಾಲಿನದನ್ನು ತಿಂದಿತ್ತು. ಇದನ್ನು ನೆನೆದರೆ ಈಗಲೂ ಅಡುಗೆಮನೆಯ ಡಬ್ಬಿ ತೆರೆಯಲು ಕೈ ಹಿಂಜರಿಯುತ್ತದೆ.

ಮಾಮಾ ಹುಷಾರಾದರು. ಹಗೇವನ್ನು ಮಣ್ಣು ತುಂಬಿ ಮುಚ್ಚಿಸಿದರು. ಆದರೆ ಅಕ್ಕನ ಭಯಕ್ಕೆ ಯಾವ ಮಣ್ಣೂ ಸಾಲಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದು ನಿಂತರೆ ಸಾಕು, "ಏನ್ರೀ?" ಎಂದು ಕೂಗುತ್ತಾಳೆ. "ಇಲ್ಲೇ ಅದೀನಿ ಬೇ, ಸತ್ತಿಲ್ಲ," ಎಂದು ಅವರು ಬೈಯುತ್ತಾರೆ.

ಮೊನ್ನೆ ಹೋದಾಗ ಮಧ್ಯಾಹ್ನದ ಹೊತ್ತು. ಮಾಮಾ ಪಡಸಾಲೆಯಲ್ಲಿ ಮಲಗಿದ್ದರು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು, ಹಿಟ್ಟಿನ ಬೆರಳನ್ನು ಅವರ ಮೂಗಿನ ಮುಂದೆ ಹಿಡಿದಳು. ಚೇಷ್ಟೆ ಮಾಡೋಣ ಎಂದು ಬಾಯಿ ತೆರೆದೆ. ಅಕ್ಕ ತನ್ನ ಉಸಿರನ್ನೇ ಬಿಗಿಹಿಡಿದಿದ್ದಳು. ನಾನೂ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತೆ.